ಕೈ ಎತ್ತಿಲ್ಲ, ಆದರೂ ಮಗು ಬೆದರಿದೆ: ಮಾತಿನ ಪೆಟ್ಟನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನನಗೆ 8 ವರ್ಷದ ಮಗಳಿದ್ದಾಳೆ. ಇದುವರೆಗೆ ಅವಳ ಮೇಲೆ ಕೈ ಎತ್ತಿಲ್ಲ. ಆದರೆ ಸಿಟ್ಟು ಬಂದಾಗ ನನ್ನ ಬಾಯಿ ನನ್ನ ಹಿಡಿತದಲ್ಲಿ ಇರುವುದಿಲ್ಲ. ಮೊನ್ನೆ ಅವಳ ಕೈ ತಾಗಿ ಲೋಟ ಉರುಳಿತು, ನೋಟ್‌ಬುಕ್ ಪೂರ್ತಿ ಒದ್ದೆಯಾಯಿತು. ನಾನು ಬಾಯಿ ತೆರೆಯುವ ಮೊದಲೇ ಅವಳೇ "ನಾನು ದಂಡಪಿಂಡ, ನನಗೆ ಏನೂ ಬರಲ್ಲ" ಅಂದಳು. ಅದು ನನ್ನದೇ ಮಾತು, ನನ್ನದೇ ರಾಗ. ನನ್ನ ಗಂಡ ಬೈಯುವುದಿಲ್ಲ. ಆದರೆ ಕೋಪ ಬಂದರೆ ಎರಡು ಮೂರು ದಿನ ಅವಳ ಜೊತೆ ಮಾತೇ ಆಡುವುದಿಲ್ಲ. "ನಾವೂ ಬೈಸಿಕೊಂಡೇ ಬೆಳೆದವರು, ಏನಾಯ್ತು?" ಅನ್ನುತ್ತಾರೆ. ನಾವು ಮಾಡುತ್ತಿರುವುದು ಹಿಂಸೆಯಾ? ಅದನ್ನು ಹೇಗೆ ಗುರುತಿಸುವುದು, ಹೇಗೆ ನಿಲ್ಲಿಸುವುದು?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಲೋಟದ ವಿಷಯ. ಅವತ್ತು ನೀವು ಬೈಯಲೇ ಇಲ್ಲ. ಬೈಯುವ ಕೆಲಸವನ್ನು ಅವಳೇ ಮುಗಿಸಿಬಿಟ್ಟಳು. ಮಕ್ಕಳು ಯಾಕೆ ಹೀಗೆ ಮಾಡುತ್ತಾರೆ ಗೊತ್ತಾ? ಪೆಟ್ಟು ಬರುವುದು ಖಾತ್ರಿ ಅಂತಾದರೆ, ಅದನ್ನು ತಾನೇ ಕೊಟ್ಟುಕೊಂಡರೆ ನೋವು ಸ್ವಲ್ಪ ಕಡಿಮೆ. "ನಾನೇ ಒಪ್ಪಿಕೊಂಡೆನಲ್ಲ, ಇನ್ನು ನೀನು ಬೈಯಬೇಡ" ಅನ್ನುವ ಬೇಡಿಕೆಯೂ ಅದರಲ್ಲಿದೆ. 8 ವರ್ಷದ ಮಗು ಇಷ್ಟು ಲೆಕ್ಕ ಹಾಕುತ್ತಿದೆ ಅಂದರೆ ಆ ಪಾಠ ಒಂದೇ ದಿನದಲ್ಲಿ ಆಗಿಲ್ಲ. ಆದರೆ ನೀವು ಅದನ್ನು ಕೇಳಿಸಿಕೊಂಡಿರಿ. ನಿಮ್ಮದೇ ರಾಗ ಅಂತ ಗುರುತು ಹಿಡಿದಿರಿ. ಎಷ್ಟೋ ಮನೆಗಳಲ್ಲಿ ಇಂಥ ಮಾತು ದೊಡ್ಡವರ ಕಿವಿಗೇ ಬೀಳುವುದಿಲ್ಲ.

ಇದು ಹಿಂಸೆಯಾ ಅಂತ ಕೇಳಿದ್ದೀರಿ. ಸುತ್ತಿ ಬಳಸಿ ಹೇಳುವುದಿಲ್ಲ. ನೀವು ಬರೆದಷ್ಟನ್ನೇ ನೋಡಿದರೂ, ಹೌದು, ಮಗಳ ಮನಸ್ಸಿಗೆ ಪೆಟ್ಟು ಬೀಳುತ್ತಿದೆ, ಮತ್ತು ಅದು ಮನೆಯ ಅಭ್ಯಾಸವಾಗುತ್ತಿದೆ. ಇದನ್ನು ಓದಿ "ನಾನೆಂಥಾ ಕೆಟ್ಟ ತಾಯಿ" ಅಂತ ಕೊರಗುತ್ತಾ ಕೂರಬೇಡಿ. ಅದರಿಂದ ಅವಳಿಗೆ ಏನೂ ಸಿಗುವುದಿಲ್ಲ. ಅಮ್ಮನನ್ನು ಸಮಾಧಾನ ಮಾಡುವ ಇನ್ನೊಂದು ಕೆಲಸ ಅವಳ ತಲೆಗೆ ಬರುತ್ತದೆ, ಅಷ್ಟೇ.

ಒಂದು ದಿನ ರೇಗಿದ ಮಾತ್ರಕ್ಕೆ ಯಾರೂ ಇದನ್ನು ಹಿಂಸೆ ಅನ್ನುವುದಿಲ್ಲ. ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಕೆಲಸ ಮಾಡುವ ಅಮೆರಿಕದ ತಜ್ಞರ ಸಂಘಟನೆಯೊಂದು 1995ರಲ್ಲಿ ಈ ಬಗ್ಗೆ ಮಾರ್ಗಸೂಚಿ ತಂದಿತು. ಅದು ನೋಡಲು ಹೇಳುವುದು ಎರಡು ವಿಷಯ. ಇದು ಪದೇ ಪದೇ ಆಗುತ್ತಿದೆಯಾ, ಇಲ್ಲವೇ ಒಂದೇ ಸಲವಾದರೂ ತೀರಾ ಘೋರವಾಗಿತ್ತಾ? ಮತ್ತು ಅದರಿಂದ ಮಗುವಿಗೆ ತಲುಪಿದ ಸುದ್ದಿ ಏನು? "ನಾನು ಯಾರಿಗೂ ಬೇಡ, ನನ್ನಲ್ಲೇ ದೋಷ ಇದೆ, ನನಗೆ ಅಪಾಯ ಇದೆ, ಬೇರೆಯವರ ಕೆಲಸಕ್ಕೆ ಬಂದರೆ ಮಾತ್ರ ನನಗೆ ಬೆಲೆ." ಇಂಥ ಸುದ್ದಿ ತಲುಪುತ್ತಿದ್ದರೆ ಅದು ಹಿಂಸೆ. ಬ್ರಿಟನ್ನಿನ ಮಕ್ಕಳ ಮನೋವೈದ್ಯೆ ಡಾನ್ಯಾ ಗ್ಲೇಸರ್ ಇದರ ಬಗ್ಗೆ ತುಂಬಾ ಕೆಲಸ ಮಾಡಿದವರು. ನೋಯಿಸುವ ಉದ್ದೇಶ ಇರಲೇಬೇಕು ಅಂತೇನಿಲ್ಲ ಅನ್ನುವುದನ್ನು ಅವರು ಸ್ಪಷ್ಟವಾಗಿ ಹೇಳುತ್ತಾರೆ. ನನ್ನ ಮುಂದೆ ಬಂದು ಕೂರುವ ತಂದೆ ತಾಯಂದಿರಲ್ಲಿ ಹೆಚ್ಚಿನವರಿಗೆ ಅಂಥ ಉದ್ದೇಶ ಇರುವುದೇ ಇಲ್ಲ. ಒಳ್ಳೆಯದಾಗಲಿ ಅಂತಲೇ ಬೈದಿರುತ್ತಾರೆ.

ಹಾಗಾದರೆ ಯಾವ ಮಾತು ಸರಿ, ಯಾವುದು ತಪ್ಪು ಅಂತ ಗುರುತಿಸುವುದು ಹೇಗೆ? ನಾನು ಎಲ್ಲ ಪೋಷಕರಿಗೂ ಹೇಳಿಕೊಡುವ ಒಂದು ಸುಲಭ ಪರೀಕ್ಷೆ ಇದೆ. ಸಿಟ್ಟಿನಲ್ಲಿ ಆಡಿದ ಮಾತನ್ನು ಆಮೇಲೆ ಒಂದು ಹಾಳೆಯಲ್ಲಿ ಬರೆಯಿರಿ. ಅದರಲ್ಲಿ ಕ್ರಿಯಾಪದ ಇದೆಯಾ ನೋಡಿ. "ನೀನು ದಂಡಪಿಂಡ." ಇಲ್ಲ. "ನೀನು ಸೋಮಾರಿ." ಇಲ್ಲ. "ನೀನೊಂದು ತಲೆನೋವು." ಅದರಲ್ಲೂ ಇಲ್ಲ. ಕನ್ನಡದಲ್ಲಿ ಹಣೆಪಟ್ಟಿ ಕಟ್ಟುವುದು ಎಷ್ಟು ಸುಲಭ ನೋಡಿ. 'ನೀನು' ಅಂದು, ಮುಂದೆ ಒಂದು ಹೆಸರು ಇಟ್ಟುಬಿಟ್ಟರೆ ವಾಕ್ಯ ಮುಗಿಯಿತು. ಇಂಥ ವಾಕ್ಯದಲ್ಲಿ ಮಗುವಿಗೆ ಮಾಡಲು ಏನೂ ಉಳಿದಿರುವುದಿಲ್ಲ. ದಂಡಪಿಂಡ ಆದವಳು ಏನು ಮಾಡಿ ಅದನ್ನು ಸರಿ ಮಾಡಬೇಕು? "ನೀರು ಚೆಲ್ಲಿತು, ಬಟ್ಟೆ ತಗೊಂಡು ಬಾ" ಅಂದರೆ ಎರಡು ಕ್ರಿಯಾಪದ ಬಂತು. ಆದ ಸಂಗತಿ ಒಂದು, ಮಾಡಬೇಕಾದ ಕೆಲಸ ಒಂದು. ನಿಮ್ಮ ದನಿ ಜೋರಾಗಿದ್ದರೂ ಪರವಾಗಿಲ್ಲ. ಅವಳಿಗೆ ದಾರಿ ಇದೆ.

'ಯಾವಾಗಲೂ', 'ಯಾವತ್ತೂ', 'ಒಂದು ದಿನಾನಾದ್ರೂ' ಅನ್ನುವ ಮಾತುಗಳ ಮೇಲೂ ಕಣ್ಣಿಡಿ. "ನೀನು ಯಾವಾಗಲೂ ಹೀಗೇ ಮಾಡ್ತೀಯ" ಅನ್ನುವುದರಲ್ಲಿ ಕ್ರಿಯಾಪದ ಇದೆ ನಿಜ, ಆದರೆ 'ಯಾವಾಗಲೂ' ಬಂದು ಅದನ್ನು ಹಣೆಪಟ್ಟಿಯೇ ಮಾಡಿಬಿಡುತ್ತದೆ.

ಹೊಗಳಿಕೆಗೂ ಇದೇ ಪರೀಕ್ಷೆ ಹಾಕಿ ನೋಡಿ. "ನೀನು ಜಾಣೆ" ಅನ್ನುವುದೂ ಹಣೆಪಟ್ಟಿಯೇ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ ಶಾಲಾ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಬುದ್ಧಿವಂತರು ಅಂತ ಹೊಗಳಿಸಿಕೊಂಡ ಮಕ್ಕಳಿಗೆ ಆಮೇಲೆ ಒಂದು ಕಡೆ ಸೋತಾಗ ಮುಂದೆ ಪ್ರಯತ್ನಿಸುವ ಮನಸ್ಸು ಕಡಿಮೆಯಾಯಿತು. ಪಟ್ಟ ಶ್ರಮಕ್ಕೆ ಹೊಗಳಿಸಿಕೊಂಡ ಮಕ್ಕಳು ಸೋತ ಮೇಲೂ ಪ್ರಯತ್ನ ಮುಂದುವರಿಸಲು ಹೆಚ್ಚು ಆಸಕ್ತಿ ತೋರಿಸಿದರು. ಹೊಗಳುವುದು ಹಿಂಸೆ ಅಂತ ನಾನು ಹೇಳುತ್ತಿಲ್ಲ. ಆದರೆ 'ದಂಡಪಿಂಡ'ದ ಜಾಗಕ್ಕೆ 'ಜಾಣೆ' ತಂದಿಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ.

ಒಂದು ವಾರ ಈ ಬರೆಯುವ ಕೆಲಸ ಮಾಡಿ. ಮಾತು, ಸಮಯ, ಅಷ್ಟೇ ಸಾಕು. ವಿವರಣೆ ಬೇಡ, ಸಮರ್ಥನೆಯೂ ಬೇಡ. ವಾರದ ಕೊನೆಗೆ ಓದಿದಾಗ ಹೆಚ್ಚಿನವರಿಗೆ ಒಂದು ಸಂಗತಿ ಕಾಣುತ್ತದೆ. ಮಾತುಗಳು ದಿನವಿಡೀ ಹರಡಿರುವುದಿಲ್ಲ, ಒಂದೆರಡು ಹೊತ್ತಿನಲ್ಲಿ ಗುಂಪಾಗಿರುತ್ತವೆ. ಬೆಳಿಗ್ಗೆ ಹೊರಡುವ ಗಡಿಬಿಡಿ. ಸಂಜೆ ಮನೆಗೆ ಬಂದ ಮೊದಲ ಅರ್ಧ ಗಂಟೆ. ಅಂದರೆ ಮಗು ಮಾಡಿದ್ದಕ್ಕಿಂತ ನಿಮ್ಮ ಸುಸ್ತು ಜಾಸ್ತಿ ಮಾತಾಡುತ್ತಿರುತ್ತದೆ. ಹಾಗಿದ್ದರೆ ಮೊದಲು ಬದಲಾಗಬೇಕಾದ್ದು ಆ ಹೊತ್ತು. ಆ ಅರ್ಧ ಗಂಟೆಯಲ್ಲಿ ಹೋಮ್‌ವರ್ಕ್ ತೆಗೆಸಬೇಡಿ, ಅಂಕದ ವಿಷಯ ಎತ್ತಬೇಡಿ.

ಇನ್ನು ಮಗಳನ್ನು ಗಮನಿಸಿ. ತಪ್ಪೇ ಮಾಡದೆ "ಸಾರಿ, ಸಾರಿ" ಅನ್ನುತ್ತಾಳಾ? ನೀವು ಒಳಗೆ ಬಂದ ತಕ್ಷಣ ನಿಮ್ಮ ಮುಖ ಓದುತ್ತಾಳಾ? ಬರೆದ ಚಿತ್ರವನ್ನು ತಾನೇ ಹರಿದು ಹಾಕುತ್ತಾಳಾ? ಎಲ್ಲಕ್ಕಿಂತ ಹೆಚ್ಚಾಗಿ ಅವಳ ಆಟ ಕೇಳಿಸಿಕೊಳ್ಳಿ. ಒಮ್ಮೆ ನನ್ನ ಕೋಣೆಯಲ್ಲಿ ಐದು ವರ್ಷದ ಹುಡುಗನೊಬ್ಬ ಗೊಂಬೆ ಕರಡಿಯನ್ನು ಗೋಡೆಗೆ ಮುಖ ಮಾಡಿ ಕೂರಿಸಿದ. ಬೆರಳು ಆಡಿಸುತ್ತಾ, "ಅಳ್ತಾ ಇದ್ರೆ ಇಲ್ಲೇ ಬಿಟ್ಟು ಹೋಗ್ತೀನಿ, ನಂಗೆ ಬೇರೆ ಕರಡಿ ಸಿಗುತ್ತೆ" ಅಂದ. ಪಕ್ಕದಲ್ಲಿದ್ದ ಅಪ್ಪ ಫೋನ್ ಕೆಳಗಿಟ್ಟರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಇದು ನಾನು ಅಂಗಡಿಯಲ್ಲಿ ಸುಮ್ನೆ ಹೇಳೋ ಮಾತು" ಅಂದರು. ದೊಡ್ಡವರಿಗೆ ಅದು ಸುಮ್ನೆ. ಐದು ವರ್ಷದವನಿಗೆ, ಅಪ್ಪ ಬಿಟ್ಟು ಹೋದರೆ ಜಗತ್ತೇ ಹೋದ ಹಾಗೆ. ಬೆದರಿಸಿ ಅಳು ನಿಲ್ಲಿಸಿದಾಗ ನಿಲ್ಲುವುದು ಅಳು ಮಾತ್ರ. ಭಯ ಒಳಗೇ ಇರುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದೆರಡು ರೂಪಗಳನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅವು ಪ್ರೀತಿಯ ವೇಷದಲ್ಲಿ ಬರುತ್ತವೆ. ಮಗುವಿನ ಗುಟ್ಟನ್ನೋ, ಹಾಸಿಗೆ ಒದ್ದೆ ಮಾಡಿದ್ದನ್ನೋ ನಾಲ್ಕು ಜನರ ಮುಂದೆ ಹೇಳಿ ನಗುವುದು. ಗಂಡ ಹೆಂಡತಿ ಜಗಳದಲ್ಲಿ ಮಗುವನ್ನು ಟಪಾಲಿನವನ ಹಾಗೆ ಆ ಕಡೆ ಈ ಕಡೆ ಕಳಿಸುವುದು, ಅಥವಾ "ನಿನ್ನ ಬಿಟ್ಟರೆ ನನಗ್ಯಾರಿದ್ದಾರೆ" ಅಂತ ಅದರ ಮುಂದೆ ದುಃಖ ತೋಡಿಕೊಳ್ಳುವುದು. ನಾಲ್ಕು ವರ್ಷದ ಮಗುವಿಗೆ ಹತ್ತು ವರ್ಷದವರ ತಾಳ್ಮೆ ಇಲ್ಲ ಅಂತ ದಂಡಿಸುವುದು. ನಮಗೆ ಸಿಗದೇ ಹೋದದ್ದನ್ನು ಮಗು ಗೆದ್ದು ತಂದುಕೊಡಲಿ ಅಂತ ಹಿಂದೆ ಬೀಳುವುದು. ಈ ಕೊನೆಯದನ್ನು ನೋಡಿದಾಗಲೆಲ್ಲ ನನಗೆ ಜಾಸ್ತಿ ಸಂಕಟವಾಗುತ್ತದೆ. ಹೊರಗಿನಿಂದ ನೋಡಿದವರು ಆ ಪೋಷಕರನ್ನು ಹೊಗಳುತ್ತಲೇ ಇರುತ್ತಾರೆ, ಮಗು ಮಾತ್ರ ಒಳಗೊಳಗೇ ಬಾಡುತ್ತಿರುತ್ತದೆ.

ಈಗ ನಿಮ್ಮ ಗಂಡನ ಮೌನ. ಬೈಯುವುದಕ್ಕಿಂತ ಇದೇ ವಾಸಿ ಅಂತ ಅವರಿಗೆ ಅನ್ನಿಸಿರಬಹುದು. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರೋನಿಕ್ ಒಂದು ಪ್ರಯೋಗ ಮಾಡಿದರು. ತಾಯಿ ಮೊದಲು ಕೂಸಿನ ಜೊತೆ ಎಂದಿನಂತೆ ನಗುತ್ತಾ ಆಡುತ್ತಾಳೆ. ಆಮೇಲೆ ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ನೋಡುತ್ತಾಳೆ. ಕೂಸು ಮೊದಲು ನಗುತ್ತದೆ. ನಕ್ಕರೂ ಅಮ್ಮ ನಗುವುದಿಲ್ಲ. ಮತ್ತೆ ಪ್ರಯತ್ನ ಮಾಡುತ್ತದೆ, ಅಮ್ಮನನ್ನು ಹೇಗಾದರೂ ವಾಪಸ್ ಕರೆತರಲು ನೋಡುತ್ತದೆ. ಆಗದಿದ್ದಾಗ ಮುಖ ತಿರುಗಿಸುತ್ತದೆ, ಮೈ ಕುಗ್ಗಿಸುತ್ತದೆ. ಯಾರೂ ಬೈದಿಲ್ಲ, ಹೊಡೆದಿಲ್ಲ. ಬರೀ ಎರಡು ಮೂರು ನಿಮಿಷ. ನಿಮ್ಮ ಮನೆಯಲ್ಲಿ ಅದು ಎರಡು ಮೂರು ದಿನ.

8 ವರ್ಷದ ಮಗು ಕೂಸಲ್ಲ ನಿಜ, ಆದರೆ ಅವಳ ಕಷ್ಟ ಬೇರೆ ಥರದ್ದು. ಅಪ್ಪ ಯಾವಾಗ ಮಾತಾಡುತ್ತಾರೆ ಅಂತ ಅವಳಿಗೆ ಗೊತ್ತಿಲ್ಲ. ಏನು ಮಾಡಿದರೆ ಮಾತಾಡುತ್ತಾರೆ ಅಂತಲೂ ಗೊತ್ತಿಲ್ಲ. ಬಾಗಿಲು ತೆರೆದ ಸದ್ದಿಗೆ ಎದ್ದು ನಿಲ್ಲುತ್ತಾಳೆ, ಅವರು ಪಕ್ಕದಿಂದ ಹಾದು ಹೋಗುತ್ತಾರೆ. ಕೋಪ ಬಂದಾಗ ಸ್ವಲ್ಪ ಹೊತ್ತು ದೂರ ಇರುವುದು ತಪ್ಪಲ್ಲ, ಒಳ್ಳೆಯದೇ. ಅದಕ್ಕೂ ಈ ಮೌನಕ್ಕೂ ಇರುವ ವ್ಯತ್ಯಾಸ ಒಂದೇ ಮಾತಿನದು: "ನನಗೆ ಕೋಪ ಬಂದಿದೆ, ಊಟದ ಹೊತ್ತಿಗೆ ಮಾತಾಡೋಣ." ವಾಪಸ್ ಬರುವ ಹೊತ್ತು ಹೇಳಿ ಹೋದರೆ ಅದು ವಿರಾಮ. ಹೇಳದೆ ಹೋದರೆ ಮಗುವಿಗೆ ಅದು ಬಹಿಷ್ಕಾರ.

"ನಾವೂ ಬೈಸಿಕೊಂಡೇ ಬೆಳೆದವರು" ಅನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಿಜವೇ. 2012ರಲ್ಲಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, 1,000 ಜನರಲ್ಲಿ ಸುಮಾರು 363 ಜನ ಬಾಲ್ಯದಲ್ಲಿ ಇಂಥ ಹಿಂಸೆ ಅನುಭವಿಸಿದ್ದಾಗಿ ತಾವೇ ಹೇಳಿಕೊಂಡಿದ್ದರು. ಆದರೆ ಎಲ್ಲರಿಗೂ ಆಗಿದೆ ಅಂದರೆ ಯಾರಿಗೂ ಏನೂ ಆಗಿಲ್ಲ ಅಂತ ಅರ್ಥವಲ್ಲ, ಅಲ್ವಾ? ಮಾರ್ಟಿನ್ ಟೈಚರ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 22 ವರ್ಷದ 554 ಯುವಜನರಿದ್ದರು. ತಂದೆ ತಾಯಿಯ ಕಟು ಮಾತಿಗೂ ಖಿನ್ನತೆ, ಆತಂಕಗಳಿಗೂ ಕಂಡ ನಂಟು, ಮನೆಯಲ್ಲಿ ಹೊಡೆದಾಟ ನೋಡಿ ಬೆಳೆದವರಲ್ಲಿ ಕಂಡಷ್ಟೇ ಗಟ್ಟಿಯಾಗಿತ್ತು. ನಂಟು ಅಂದರೆ ಹಣೆಬರಹ ಅಲ್ಲ. ಎಷ್ಟೋ ಜನ ಗಟ್ಟಿಯಾಗಿ ಬೆಳೆದಿದ್ದಾರೆ. ಆದರೆ ಅವರು ಗಟ್ಟಿಯಾದದ್ದು ಬೈಗುಳದಿಂದಲ್ಲ. ಹೆಚ್ಚಾಗಿ ಆ ಮನೆಯಲ್ಲೋ ಶಾಲೆಯಲ್ಲೋ ಬೇರೊಬ್ಬರು ಅವರ ಪಕ್ಕ ನಿಂತಿರುತ್ತಾರೆ.

ಬೈದರೆ ಮಕ್ಕಳು ಸರಿಹೋಗುತ್ತಾರಾ? ಸಂಶೋಧಕರಾದ ಮಿಂಗ್‌ಟೆ ವಾಂಗ್ ಮತ್ತು ಸಾರಾ ಕೆನ್ನಿ ಇದನ್ನೇ ನೋಡಿದರು. 976 ಕುಟುಂಬಗಳು, 13ರಿಂದ 14 ವರ್ಷಕ್ಕೆ ಕಾಲಿಡುವ ಮಕ್ಕಳು. ಕಿರುಚಾಟ, ಬೈಗುಳ ಇದ್ದ ಮನೆಗಳಲ್ಲಿ ಮುಂದಿನ ವರ್ಷ ಮಕ್ಕಳ ತಂಟೆ ಹೆಚ್ಚಾಗಿತ್ತು, ಮಂಕೂ ಹೆಚ್ಚಾಗಿತ್ತು. ತಂಟೆ ಹೆಚ್ಚಾದ್ದಕ್ಕೆ ಬೈಗುಳವೂ ಹೆಚ್ಚಾಗುತ್ತಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಉಳಿದ ಹೊತ್ತು ಪ್ರೀತಿಯಿಂದಲೇ ಇದ್ದ ಮನೆಗಳಲ್ಲೂ ಆ ಹಾನಿ ಕಡಿಮೆಯಾಗಿರಲಿಲ್ಲ. "ಬೈದರೂ ಆಮೇಲೆ ಮುದ್ದು ಮಾಡ್ತೀನಲ್ಲ" ಅನ್ನುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಇಷ್ಟೆಲ್ಲ ಓದಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಮಗು ಅತ್ತರೆ ಭಯ, ಬೇಡ ಅನ್ನಲು ಭಯ. ಹಾಗೆ ಮಾಡಬೇಡಿ. ಮೊಬೈಲ್ ಕೊಡಲ್ಲ ಅಂದಾಗ ಮಗಳು ಅರ್ಧ ಗಂಟೆ ಅತ್ತರೆ ಅದು ಹಿಂಸೆ ಅಲ್ಲ. ತಮ್ಮನಿಗೆ ಹೊಡೆದಾಗ ಗಟ್ಟಿಯಾಗಿ "ನಿಲ್ಲಿಸು!" ಅಂದರೆ ಹಿಂಸೆ ಅಲ್ಲ. "ನೀನು ಸುಳ್ಳು ಹೇಳಿದ್ದು ನನಗೆ ಬೇಜಾರಾಗಿದೆ" ಅನ್ನುವುದಂತೂ ಬೇಕೇ ಬೇಕು. ನಿಯಮ ಇರಲಿ, ಅದನ್ನು ಮುರಿದರೆ ಅದರ ಫಲವೂ ಇರಲಿ. ಮಗು ಅಂದ ಮೇಲೆ ಗೆರೆ ಬೇಕು.

ಮಾತು ಬಾಯಿಗೆ ಬರುವ ಮೊದಲು ಮೈ ಹೇಳುತ್ತದೆ. ಕೆಲವರಿಗೆ ದವಡೆ ಬಿಗಿಯುತ್ತದೆ, ಕೆಲವರಿಗೆ ಕಿವಿ ಬಿಸಿಯಾಗುತ್ತದೆ. ನಿಮಗೆ ಎಲ್ಲಿ ಅಂತ ಕಂಡುಕೊಳ್ಳಿ. ಅದು ಬಂದ ತಕ್ಷಣ "ನನಗೆ ತುಂಬಾ ಸಿಟ್ಟು ಬಂದಿದೆ. ಹತ್ತು ನಿಮಿಷ ಆ ಕೋಣೆಗೆ ಹೋಗಿ ಬರ್ತೀನಿ" ಅನ್ನಿ. ಹೋಗಿ. ಹತ್ತು ನಿಮಿಷಕ್ಕೆ ಬನ್ನಿ. ಸಿಟ್ಟು ಪೂರ್ತಿ ಇಳಿಯದಿದ್ದರೂ ಬನ್ನಿ, ಬಂದು ಇನ್ನೂ ಹತ್ತು ನಿಮಿಷ ಕೇಳಿ. ಹೇಳಿದ ಹೊತ್ತಿಗೆ ನೀವು ಬರುತ್ತೀರಿ ಅನ್ನುವುದು ಅವಳಿಗೆ ಗೊತ್ತಾಗಬೇಕು.

ಆದರೂ ಬಾಯಿ ಜಾರುತ್ತದೆ. ಆಗ ಏನು? ಟ್ರೋನಿಕ್ ಅವರ ಸಂಶೋಧನೆಯ ಇನ್ನೊಂದು ಭಾಗ ನನಗೆ ತುಂಬಾ ಇಷ್ಟ. ಚೆನ್ನಾಗಿರುವ ತಾಯಿ ಮಗುವಿನ ನಡುವೆಯೂ ತಾಳ ಕೂಡುವುದು ಶೇಕಡಾ 30ರಷ್ಟು ಹೊತ್ತು ಮಾತ್ರ. ಉಳಿದ ಹೊತ್ತು ತಪ್ಪುತ್ತದೆ, ಮತ್ತೆ ಸರಿಹೋಗುತ್ತದೆ. ಹಾಗೆ ಸರಿಹೋಗುವುದರಲ್ಲೇ ಮಗುವಿಗೆ ನಂಬಿಕೆ ಬೆಳೆಯುತ್ತದೆ. ನಿಮ್ಮ ಮನೆಯಲ್ಲಿ ಇದುವರೆಗೆ ಇಲ್ಲದಿರುವುದು ಅದೇ ಅಂತ ನನಗೆ ಅನ್ನಿಸುತ್ತದೆ. ನೀವು ಬೈದ ಮೇಲೆ ಆ ಮಾತನ್ನು ವಾಪಸ್ ತಗೊಂಡದ್ದನ್ನು ಅವಳು ಕೇಳಿಯೇ ಇಲ್ಲ.

ಹಾಗಾಗಿ ಇವತ್ತೇ ಅವಳ ಪಕ್ಕ ಕೂತು ಹೇಳಿ: "ದಂಡಪಿಂಡ ಅನ್ನೋ ಮಾತು ನಾನೇ ನಿನಗೆ ಕಲಿಸಿದ್ದು. ಅದು ತಪ್ಪು. ಸಿಟ್ಟು ಬಂದಿದ್ದು ನನಗೆ, ಅದನ್ನ ನೋಡ್ಕೊಳ್ಳೋದು ನನ್ನ ಕೆಲಸ." ಅಷ್ಟೇ. "ಆದರೆ ನೀನೂ ಸ್ವಲ್ಪ..." ಅಂತ ಮುಂದುವರಿಸಬೇಡಿ. ಆ 'ಆದರೆ' ಹಿಂದಿನದನ್ನೆಲ್ಲ ಅಳಿಸಿಬಿಡುತ್ತದೆ. "ಕ್ಷಮಿಸಿದೆ ಅನ್ನು" ಅಂತ ಕೇಳಬೇಡಿ. "ನೀನು ದಂಡಪಿಂಡ ಅಲ್ಲ, ಚಿನ್ನ" ಅಂತ ಒತ್ತಿ ಒತ್ತಿ ಹೇಳುವುದೂ ಬೇಡ. ವರ್ಷಗಟ್ಟಲೆ ಕೇಳಿದ್ದನ್ನು ಒಂದು ಸಂಜೆಗೆ ಬಿಡುವಷ್ಟು ಅವಳು ನಂಬುವುದಿಲ್ಲ. ಅವಳು ಏನೂ ಹೇಳದೆ ಎದ್ದು ಹೋದರೆ ಹೋಗಲಿ. ಕೇಳಿಸಿಕೊಂಡಿರುತ್ತಾಳೆ.

ಗಂಡನ ಹತ್ತಿರ ಮಾತಾಡುವಾಗ 'ಹಿಂಸೆ' ಅನ್ನುವ ಪದದಿಂದ ಶುರು ಮಾಡಬೇಡಿ, ಬಾಗಿಲು ಮುಚ್ಚಿಕೊಳ್ಳುತ್ತದೆ. ಮೊದಲು ನಿಮ್ಮ ಲೋಟದ ಕತೆ ಹೇಳಿ. ಆಮೇಲೆ ಕೇಳಿ: ನೀವು ಚಿಕ್ಕವರಿದ್ದಾಗ ನಿಮ್ಮ ಜೊತೆ ಹೀಗೆ ಮಾತು ಬಿಟ್ಟವರು ಇದ್ದರಾ? ಆ ದಿನ ನೀವು ಏನು ಮಾಡುತ್ತಿದ್ದಿರಿ? ಈ ಪ್ರಶ್ನೆಗೆ ಎಷ್ಟೋ ಗಂಡಸರು ತಕ್ಷಣ ಉತ್ತರ ಕೊಡುವುದಿಲ್ಲ. ಎರಡು ದಿನ ಬಿಟ್ಟು ಕೊಡುತ್ತಾರೆ. ಈ ಮಾತುಕತೆ ಮಗಳ ಕಿವಿಗೆ ಬೀಳದಿರಲಿ. ಅವರ ಪರವಾಗಿ "ಅಪ್ಪಂಗೆ ನಿನ್ನ ಮೇಲೆ ಪ್ರೀತಿ ಇದೆ ಕಣೇ" ಅಂತ ನೀವು ಸಂದೇಶ ತಲುಪಿಸಲೂ ಹೋಗಬೇಡಿ. ಅದನ್ನು ಅವರೇ ಹೇಳಬೇಕು. ಇದು ನಮ್ಮ ಮನೆಯ ವಿಷಯ ಅಂತ ಅವರು ಅಂದರೆ, ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಒಡಂಬಡಿಕೆಯ 19ನೇ ವಿಧಿ ಮೈಗಾಗುವ ಹಿಂಸೆಯ ಪಕ್ಕದಲ್ಲೇ ಮನಸ್ಸಿಗಾಗುವ ಹಿಂಸೆಯನ್ನೂ ಹೆಸರಿಸಿದೆ ಅನ್ನುವುದು ನಿಮಗೆ ತಿಳಿದಿರಲಿ.

ಕೆಲವು ಸಂದರ್ಭಗಳಲ್ಲಿ ಮನೆಯೊಳಗಿನ ಪ್ರಯತ್ನ ಸಾಲುವುದಿಲ್ಲ. ಮಗಳು ಸಾಯುವ ಮಾತು ಆಡಿದರೆ, ತನಗೆ ತಾನೇ ನೋವು ಮಾಡಿಕೊಂಡರೆ, ಹಾಸಿಗೆ ಒದ್ದೆ ಮಾಡುವುದು ನಿಂತು ಹೋಗಿದ್ದು ಮತ್ತೆ ಶುರುವಾದರೆ, ಊಟ ನಿದ್ದೆ ತಪ್ಪಿದರೆ ತಡ ಮಾಡದೆ ಮಕ್ಕಳ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ನಿಮಗಾಗಿಯೂ ಹೋಗಬಹುದು. ಎಷ್ಟು ಪ್ರಯತ್ನಿಸಿದರೂ ಮಾತು ನಿಲ್ಲುತ್ತಿಲ್ಲ, ಬೆಳಿಗ್ಗೆ ಏಳುವಾಗಲೇ ಮನಸ್ಸು ಭಾರ ಅನ್ನಿಸಿದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಗಂಡನ ಕೋಪಕ್ಕೆ ನಿಮಗೇ ಭಯವಾಗುವ ಹಾಗಿದ್ದರೆ ಮೇಲೆ ಹೇಳಿದ ಮಾತುಕತೆಗೆ ಒಬ್ಬರೇ ಕೂರಬೇಡಿ. ಮೊದಲು ಹೊರಗಿನ ಸಹಾಯ ತೆಗೆದುಕೊಳ್ಳಿ.

ಇನ್ನು ಕೆಲವು ತಿಂಗಳು, ಏನಾದರೂ ಬಿದ್ದಾಗ ಅವಳು ಮೊದಲು ನಿಮ್ಮ ಮುಖವನ್ನೇ ನೋಡುತ್ತಾಳೆ. ನೀವು ಬದಲಾಗಿದ್ದೀರಾ ಅಂತ ಪರೀಕ್ಷೆ ಮಾಡಲು ಬೇಕಂತಲೇ ಒಂದೆರಡು ಸಲ ಕೆಡಿಸಲೂಬಹುದು. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಆ ಒದ್ದೆಯಾದ ನೋಟ್‌ಬುಕ್ ಇನ್ನೂ ಇದ್ದರೆ ಹೊರಗೆ ತೆಗೆಯಿರಿ. ಹಾಳಾದ ಪುಟಗಳನ್ನು ಮತ್ತೆ ಬರೆಯಬೇಕಲ್ಲ, ನೀವು ಓದಿ ಹೇಳಿ, ಅವಳು ಬರೆಯಲಿ. ಕೈ ನೋಯುತ್ತದೆ ಅಂದರೆ ಒಂದು ಪುಟಕ್ಕೆ ಗೆರೆ ನೀವು ಹಾಕಿಕೊಡಿ.